ದಿನಕ್ಕೆ ಎಷ್ಟು ಸ್ಮಾರಕ?

ಪ್ರಶ್ನೆ: ರಜಾದಿನಗಳಲ್ಲಿ ಮಕ್ಕಳಿಬ್ಬರನ್ನು ಕರೆದುಕೊಂಡು ನಗರದ ಐತಿಹಾಸಿಕ ಕಟ್ಟಡಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ನೋಡಲು ಹೋಗುತ್ತೇವೆ. ದಿನಕ್ಕೆ ಐದಾರು ಸ್ಥಳಗಳನ್ನು ಮುಗಿಸುತ್ತೇವಾದರೂ ಮನೆಗೆ ಬರುವ ಹೊತ್ತಿಗೆ ಯಾವುದು ಯಾರ ಕಾಲದ್ದೆಂಬುದು ಕಲಸಿಹೋಗಿರುತ್ತದೆ. ಮಕ್ಕಳಂತೂ ‘ಎಲ್ಲಾ ಅದೇ ಹಳೇ ಕಲ್ಲು’ ಎನ್ನುತ್ತಾರೆ. ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದೇ?
– ಓದುಗರೊಬ್ಬರು

ಉತ್ತರ: ‘ಮುಗಿಸುತ್ತೇವೆ’ ಎಂದು ನೀವೇ ಬರೆದಿದ್ದೀರಿ, ತೊಡಕು ಅಲ್ಲಿಯೇ ಇದೆ. ದಿನಕ್ಕೆ ಒಂದು ಕಟ್ಟಡ, ಅದಕ್ಕೆ ಸಂಬಂಧಪಟ್ಟ ಒಂದು ವಸ್ತುಸಂಗ್ರಹಾಲಯ, ಇದಕ್ಕಿಂತ ಹೆಚ್ಚನ್ನು ನಾನು ಸೂಚಿಸಲಾರೆ.

ಒಂದೇ ಕಟ್ಟಡದಲ್ಲಿ ಅಷ್ಟು ಹೊತ್ತು ನೋಡಲು ಏನಿರುತ್ತದೆ ಎಂದು ನಿಮಗೆ ಅನ್ನಿಸಬಹುದು. ರೋಮ್ ನಗರದ ಪ್ರಾಚೀನ ದೇಗುಲವಾದ ಪ್ಯಾಂಥಿಯನ್ನನ್ನೇ ತೆಗೆದುಕೊಳ್ಳಿ. ಇದನ್ನು ರೋಮನ್ ಸೇನಾನಿ ಅಗ್ರಿಪ್ಪ ಕಟ್ಟಿಸಿದನೆಂದು ಮುಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಕೊರೆದಿದೆ. ಆದರೆ ಅಗ್ರಿಪ್ಪನ ಕಟ್ಟಡ ಬೆಂಕಿಗೆ ಆಹುತಿಯಾಗಿ, ಈಗ ನಾವು ನೋಡುವ ಕಟ್ಟಡ ಪೂರ್ಣಗೊಂಡದ್ದು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಶ. 126ರಲ್ಲಿ ಎಂಬುದು ಇಟ್ಟಿಗೆಗಳ ಮೇಲಿನ ಮುದ್ರೆಗಳಿಂದ ತಿಳಿದುಬಂದಿತು. ಬರಹವನ್ನಷ್ಟೇ ಓದಿ ಮುಂದಿನ ಸ್ಥಳಕ್ಕೆ ಓಡುವವರು ತಪ್ಪು ಮಾಹಿತಿಯನ್ನೇ ಹೊತ್ತು ಮರಳುತ್ತಾರೆ. ಒಳಗೆ ಗುಮ್ಮಟದ ವ್ಯಾಸ ಸುಮಾರು 43 ಮೀಟರ್. ನೆಲದಿಂದ ಗುಮ್ಮಟದ ನೆತ್ತಿಯ ರಂಧ್ರದವರೆಗಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಅಲ್ಲಿ ಒಂದು ಭಾರಿ ಚೆಂಡನ್ನು ಕೂರಿಸಬಹುದು. ಆ ತೆರೆದ ರಂಧ್ರದಿಂದ ಮಳೆ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ನೆಲದಲ್ಲಿರುವ ಸಣ್ಣ ಸಣ್ಣ ತೂತುಗಳನ್ನು ಮಕ್ಕಳೇ ಹುಡುಕಿ ತೋರಿಸುತ್ತಾರೆ. ಸುತ್ತಲಿನ ಎಷ್ಟೋ ಕಟ್ಟಡಗಳು ಪಾಳುಬಿದ್ದರೂ ಇದು ಉಳಿಯಲು, 609ರಲ್ಲಿ ಇದನ್ನು ಚರ್ಚ್ ಆಗಿ ಪರಿವರ್ತಿಸಿದ್ದು ಒಂದು ಮುಖ್ಯ ಕಾರಣ. ‘ಇದು ಯಾಕೆ ಉಳಿದುಕೊಂಡಿತು?’ ಎಂಬ ಈ ಪ್ರಶ್ನೆಯನ್ನು ಯಾವ ಊರಿನ ಯಾವ ಹಳೆಯ ಕಟ್ಟಡದ ಮುಂದೆ ನಿಂತೂ ಕೇಳಬಹುದು. ಇಸವಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಮೇಲು.

ಇನ್ನು ವಸ್ತುಸಂಗ್ರಹಾಲಯ ಏಕೆಂದರೆ, ಹೊರಗೆ ನಿಂತಿರುವುದು ಎಷ್ಟೋ ಕಡೆ ಮೂಲಕೃತಿಯಾಗಿರುವುದಿಲ್ಲ. ಫ್ಲಾರೆನ್ಸ್‌ನ ಚೌಕದಲ್ಲಿ ಜನ ಮುಗಿಬಿದ್ದು ಫೋಟೊ ತೆಗೆದುಕೊಳ್ಳುವ ಡೇವಿಡ್ ವಿಗ್ರಹ 1910ರಲ್ಲಿ ನಿಲ್ಲಿಸಿದ ಪ್ರತಿಕೃತಿ. ಮೈಕೆಲೇಂಜೆಲೊ ಕೆತ್ತಿದ ಮೂಲವಿಗ್ರಹವನ್ನು ಗಾಳಿಮಳೆಯಿಂದ ಕಾಪಾಡಲೆಂದು 1873ರಲ್ಲಿಯೇ ಅಕಾಡೆಮಿಯಾ ಗ್ಯಾಲರಿಗೆ ಸಾಗಿಸಲಾಗಿತ್ತು. ಎರಡನ್ನೂ ಒಂದೇ ದಿನ ನೋಡಿದರೆ ಹೋಲಿಸಲು ಸಾಧ್ಯ.

ಗೈಡ್ ಇರಲಿ, ಆದರೆ ಮೊದಲ ಅರ್ಧ ಗಂಟೆ ಬೇಡ. ಮೊದಲು ನೀವೇ ಒಂದು ಸುತ್ತು ಹಾಕಿ, ಸಂಶಯಗಳು ಹುಟ್ಟಿದ ಮೇಲೆ ಅವರನ್ನು ಕೇಳಿ. ಹೊರಡುವ ಮುನ್ನ ವಾರದ ರಜೆಯನ್ನು ವಿಚಾರಿಸಿಕೊಳ್ಳಿ. ಎಲ್ಲ ಕಡೆಯೂ ಅದು ಒಂದೇ ದಿನವಲ್ಲ, ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ಮುಚ್ಚಿರುವುದು ಮಂಗಳವಾರ. ಮಕ್ಕಳು ಕಟ್ಟಡದಲ್ಲಿಯೇ ದಣಿದರೆ ವಸ್ತುಸಂಗ್ರಹಾಲಯವನ್ನು ಇನ್ನೊಂದು ರಜೆಗೆ ಉಳಿಸಿಕೊಳ್ಳಿ.