‘ಅಮ್ಮನ್ನ ಕೇಳಿ ಬರ್ತೀನಿ’

ಆರು ವರ್ಷದ ಮಗಳ ತಾಯಿಯೊಬ್ಬರು ಬರೆದಿದ್ದಾರೆ: ‘ಗುರುತಿಲ್ಲದವರ ಜೊತೆ ಹೋಗಬಾರದು ಎಂದು ದಿನಾ ಹೇಳಿಕೊಟ್ಟಿದ್ದೇವೆ. ಕೇಳಿದರೆ ಪಟಪಟನೆ ಒಪ್ಪಿಸುತ್ತಾಳೆ. ಮೊನ್ನೆ ಪಾರ್ಕಿನಲ್ಲಿ, ಅವಳು ಎಂದೂ ನೋಡಿರದ ನನ್ನ ಸಹೋದ್ಯೋಗಿಯೊಬ್ಬರು ಪರೀಕ್ಷೆಗೆಂದು “ಬೆಕ್ಕಿನ ಮರಿ ಕಳೆದುಹೋಗಿದೆ, ಹುಡುಕೋಣ ಬಾ ಪುಟ್ಟಿ” ಎಂದರೆ ಗೇಟಿನವರೆಗೂ ನಡೆದುಬಿಟ್ಟಳು. ನಾವು ಎಲ್ಲಿ ಎಡವಿದೆವು? ನಾವು ಕಳಿಸಿದವರಿಗಷ್ಟೇ ಗೊತ್ತಿರುವ ಗುಟ್ಟಿನ ಪದವೊಂದನ್ನು ಇಟ್ಟುಕೊಂಡರೆ ಸಾಕೇ? ಹೆಚ್ಚು ಹೇಳಿದರೆ ಮಗು ಅಂಜುಬುರುಕಿಯಾಗುವುದಿಲ್ಲವೇ?’

ಓದುಗರೇ, ಮಗಳನ್ನು ಬೈದಿದ್ದರೆ ಇವತ್ತೇ ಸಮಾಧಾನ ಮಾಡಿ. ನೀವು ಬಾಯಿಪಾಠ ಮಾಡಿಸಿದಿರಿ, ಅವಳು ಮಾಡಿದಳು. ಬಾಯಿಪಾಠ ಕಾಲಿಗೆ ಇಳಿಯುವುದಿಲ್ಲ, ತೊಡಕು ಅಷ್ಟೇ.

ಆ ಪಾಠದಲ್ಲೇ ಒಂದು ತೂತು ಇದೆ. ‘ಗುರುತಿಲ್ಲದವರು’ ಎಂದಾಗ ಮಗುವಿನ ಕಣ್ಣೆದುರು ಬರುವುದು ದಪ್ಪ ಮೀಸೆಯ, ಕೆಂಗಣ್ಣಿನ ಯಾರೋ ಒಬ್ಬ. ನಗುತ್ತಾ ಹೆಸರು ಕೇಳಿ, ಎರಡು ನಿಮಿಷ ಬೆಕ್ಕಿನ ವಿಷಯ ಮಾತಾಡಿದವರು ಅವಳ ಲೆಕ್ಕದಲ್ಲಿ ಆಗಲೇ ಪರಿಚಯದವರು. ಬ್ಯಾಗಿನ ಹೊರಗೆ ದೊಡ್ಡದಾಗಿ ಹೆಸರು ಬರೆದಿದ್ದರಂತೂ ಹೆಸರು ಹಿಡಿದೇ ಕರೆಯಬಹುದು, ಮಗು ಪೂರ್ತಿ ನಂಬುತ್ತದೆ. (ಹೆಸರನ್ನು ಬ್ಯಾಗಿನ ಒಳಮಗ್ಗುಲಿಗೆ ಬರೆಯಿರಿ.) ಇನ್ನು, ಮಕ್ಕಳನ್ನು ಕರೆದೊಯ್ಯುವವರಲ್ಲಿ ಮನೆಗೆ ಬಂದು ಹೋಗುವವರೂ ಇರುತ್ತಾರೆ. ಹಾಗಾಗಿ ವ್ಯಕ್ತಿ ಯಾರು ಎನ್ನುವುದನ್ನು ಬಿಟ್ಟು, ಅವರು ಕೇಳಿದ್ದೇನು ಎನ್ನುವುದನ್ನು ಕಲಿಸಿ. ಎಲ್ಲಿಗಾದರೂ ಬಾ ಎಂದರೆ, ಏನಾದರೂ ತಗೋ ಎಂದರೆ, ಮನೆಯಲ್ಲಿ ಹೇಳಬೇಡ ಎಂದರೆ ಉತ್ತರ ಒಂದೇ: ‘ಇಲ್ಲ, ಅಮ್ಮನ್ನ ಕೇಳಿ ಬರ್ತೀನಿ.’ ಗುರುತಿನವರಾದರೂ ಇದೇ ಉತ್ತರ.

ಪುಸಲಾಯಿಸುವ ಮಾತುಗಳಿಗೂ ವರಸೆಗಳಿವೆ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗೆ ಇದನ್ನು ಕಲಿಸಿ ನೋಡಿದ 1981ರ ಒಂದು ಅಧ್ಯಯನ ಮೂರು ವರಸೆ ಬಳಸಿತು: ಸುಮ್ಮನೆ ‘ಬಾ, ಸುತ್ತಾಡೋಣ’ ಎನ್ನುವುದು, ‘ನಿಮ್ಮ ಮಿಸ್ಸೇ ಹೇಳಿದ್ದಾರೆ’ ಎಂದು ದೊಡ್ಡವರ ಹೆಸರು ಹೇಳುವುದು, ‘ಕಾರಿನಲ್ಲಿ ನಿನಗೊಂದು ಉಡುಗೊರೆ ಇದೆ’ ಎಂದು ಆಸೆ ಹುಟ್ಟಿಸುವುದು. ಇವಕ್ಕೆ ನಾವು ಇನ್ನೆರಡು ಸೇರಿಸುತ್ತೇವೆ. ಒಂದು, ನಿಮ್ಮ ಮಗಳು ಸಿಕ್ಕಿಬಿದ್ದ ‘ಸಹಾಯ ಮಾಡು’. ಇನ್ನೊಂದು ‘ಅಪ್ಪನಿಗೆ ಆಕ್ಸಿಡೆಂಟ್ ಆಗಿದೆ, ಬೇಗ ಬಾ’. ಚಾಕೊಲೇಟಿಗೆ ಬಗ್ಗದ ಮಗುವೂ ಈ ಎರಡಕ್ಕೆ ಬಗ್ಗಬಹುದು, ಏಕೆಂದರೆ ಇಲ್ಲಿ ಹೋಗುವುದೇ ಒಳ್ಳೆಯ ಮಕ್ಕಳ ಲಕ್ಷಣ ಅನಿಸುತ್ತದೆ. ದೊಡ್ಡವರಿಗೆ ಸಹಾಯ ಬೇಕಾದರೆ ದೊಡ್ಡವರನ್ನೇ ಕೇಳುತ್ತಾರೆ ಎಂದು ಅವಳಿಗೆ ಬಿಡಿಸಿ ಹೇಳಿ.

ಈಗ ಅಭ್ಯಾಸ. ನೀವು ಅಪರಿಚಿತರ ಪಾತ್ರ ಹಾಕಿ, ಮನೆಯ ಇನ್ನೊಬ್ಬರು ‘ಅಮ್ಮ’ನಾಗಿ ಸ್ವಲ್ಪ ದೂರದಲ್ಲಿ ನಿಲ್ಲಲಿ. ಮೊದಲು ಪಾತ್ರ ಬದಲಿಸಿ ನೀವೇ ಮಗುವಾಗಿ ಮಾಡಿ ತೋರಿಸಿ, ಆಮೇಲೆ ಅವಳ ಸರದಿ. ಮಾತು ಮುಗಿದ ಮೂರು ಸೆಕೆಂಡಿನೊಳಗೆ ‘ಇಲ್ಲ’ ಎಂದು ಹೇಳಿ ಕಾಲು ಕೀಳಬೇಕು. ಓಡಿಹೋಗಿ, ಅವರು ಏನಂದರೋ ಅದನ್ನು ಇದ್ದಹಾಗೇ ಹೇಳಬೇಕು. ಹತ್ತು ನಿಮಿಷ ಸಾಕು, ಆಟದ ಹಾಗಿರಲಿ. ಹೆಚ್ಚಾಗಿ ಕೆಡುವುದು ಇಲ್ಲಿ: ಮಗು ‘ಇಲ್ಲ’ ಎಂದು ಅಲ್ಲೇ ನಿಂತುಬಿಡುತ್ತದೆ. ನಿಂತರೆ ‘ಯಾಕೆ? ಬೆಕ್ಕು ಅಂದ್ರೆ ಇಷ್ಟ ಇಲ್ವಾ?’ ಎಂಬ ಎರಡನೇ ಮಾತು ಬರುತ್ತದೆ, ಮಗು ಉತ್ತರ ಕೊಡತೊಡಗುತ್ತದೆ, ಅಲ್ಲಿಗೆ ಸೋತಿತು. ಕಾರಣ ಹೇಳಬೇಕಾಗಿಲ್ಲ, ಅದು ಒರಟುತನವೂ ಅಲ್ಲ ಎಂದು ನಿಮ್ಮ ಬಾಯಿಂದಲೇ ಕೇಳಲಿ. ಇನ್ನೊಂದು ತಪ್ಪು, ಹಜಾರದಲ್ಲಿ ಮಾತ್ರ ಅಭ್ಯಾಸ ಮಾಡಿಸುವುದು. ಹಜಾರದಲ್ಲಿ ಕಲಿತದ್ದು ಪಾರ್ಕಿನ ಗೇಟಿನಲ್ಲಿ ನೆನಪಾಗದೇ ಹೋಗಬಹುದು. ಜಾಗ ಬದಲಿಸಿ, ಮಾತು ಬದಲಿಸಿ, ಕೇಳುವವರು ಒಮ್ಮೆ ಹೆಂಗಸಾಗಿರಲಿ. ತಿಂಗಳು ಬಿಟ್ಟು ಮತ್ತೆ ಮಾಡಿಸಿ.

ಮೊನ್ನೆಯಂಥ ಗುಟ್ಟಿನ ಪರೀಕ್ಷೆ ಮಾತ್ರ ಬೇಡ. ಅಧ್ಯಯನಗಳಲ್ಲಿ ಅದನ್ನು ತರಬೇತಾದವರು, ತಕ್ಷಣ ಮಗುವಿಗೆ ತಿಳಿಹೇಳುವ ಏರ್ಪಾಡಿನೊಂದಿಗೆ ಮಾಡುತ್ತಾರೆ. ಮನೆಯಲ್ಲಿ ಮಾಡಿದರೆ ಅಮ್ಮನೇ ಮೋಸ ಮಾಡಿದಳು ಅನಿಸಬಹುದು.

ಕಾರಿನಲ್ಲಿದ್ದವರು ದಾರಿ ಕೇಳಿದರೆ ಹತ್ತಿರ ಹೋಗುವುದು ಬೇಡ. ಕೈ ಚಾಚಿದರೂ ಸಿಗದಷ್ಟು ದೂರ ಇರಬೇಕು. ಹಿಂಬಾಲಿಸಿದರೆ ಕಾರು ಮುಖ ಮಾಡಿದ ದಿಕ್ಕಿಗೆ ಎದುರಾಗಿ, ಅಂದರೆ ಅದರ ಹಿಂಬದಿಗೆ ಓಡಬೇಕು. ಕಾರು ತಿರುಗಿಸಿಕೊಳ್ಳುವಷ್ಟರಲ್ಲಿ ಜನರಿರುವಲ್ಲಿಗೆ ತಲುಪಬಹುದು. ಹಿಡಿದೇಬಿಟ್ಟರೆ ನೆಲಕ್ಕೆ ಕುಸಿದು ಕಂಬವನ್ನೋ ಗೇಟನ್ನೋ ತಬ್ಬಿ, ‘ಇವರು ನಮ್ಮಪ್ಪ ಅಲ್ಲ! ನಂಗಿವರು ಗೊತ್ತಿಲ್ಲ!’ ಎಂದು ಕೂಗಬೇಕು. ಬರೀ ಅತ್ತರೆ ನೋಡುವವರು ಹಟ ಮಾಡುವ ಮಗು ಅಂದುಕೊಂಡು ಮುಂದೆ ಹೋಗುತ್ತಾರೆ. ಈ ಕೂಗನ್ನೂ ಗಟ್ಟಿಯಾಗಿ ಅಭ್ಯಾಸ ಮಾಡಿಸಿ. ಎಷ್ಟೋ ಮಕ್ಕಳಿಗೆ ಮೊದಲ ಸಲ ದನಿಯೇ ಹೊರಡುವುದಿಲ್ಲ.

ಗುಟ್ಟಿನ ಪದ ಉಪಯೋಗಕ್ಕೆ ಬರುತ್ತದೆ, ಆದರೆ ಅದೊಂದೇ ಸಾಲದು. ನಾಯಿಯ ಹೆಸರು, ಅಡ್ಡಹೆಸರು ಇಡಬೇಡಿ, ಯಾರು ಬೇಕಾದರೂ ಊಹಿಸುತ್ತಾರೆ. ಒಮ್ಮೆ ಬಳಸಿದ ದಿನವೇ ಬದಲಿಸಿ. ಪದವನ್ನು ಹೇಳಬೇಕಾದವರು ಕರೆಯಲು ಬಂದವರು. ಎಷ್ಟೋ ಮಕ್ಕಳು ಉಲ್ಟಾ, ತಾವೇ ಮೊದಲು ಹೇಳಿಬಿಡುತ್ತಾರೆ! ಪದ ಮರೆತರೂ ಹೋಗುವಂತಿಲ್ಲ. ಜೊತೆಗೆ ನಿಮ್ಮ ಒಂದು ಫೋನ್ ನಂಬರ್ ಬಾಯಿಗೆ ಬರಲಿ, ಹಾಡಿನ ಧಾಟಿಯಲ್ಲಿ ಕಲಿಸಿದರೆ ಬೇಗ ನಿಲ್ಲುತ್ತದೆ.

ಅಂಜುಬುರುಕಿಯಾಗುವುದು ‘ಎತ್ಕೊಂಡ್ ಹೋಗ್ತಾರೆ’ ಎಂದು ಹೆದರಿಸಿದಾಗ. ನೀವು ಅದನ್ನು ಹೇಳಲೇಬೇಕಿಲ್ಲ. ರಸ್ತೆ ದಾಟುವ ಮೊದಲು ಎರಡೂ ಕಡೆ ನೋಡು ಎಂದಷ್ಟೇ ಸಹಜವಾಗಿ ‘ಹೋಗೋ ಮೊದಲು ಕೇಳು’ ಎನ್ನಿ. ಆಮೇಲೆ ಕೆಲವು ವಾರ ಅಜ್ಜಿ ಕೊಟ್ಟ ಬಿಸ್ಕತ್ತಿಗೂ ಅವಳು ನಿಮ್ಮನ್ನು ಕೇಳಲು ಓಡಿ ಬರುತ್ತಾಳೆ. ಕೆಲಸದ ನಡುವೆ ಸಿಡುಕಬೇಡಿ. ‘ಕೇಳಿದ್ದು ಒಳ್ಳೇದಾಯ್ತು, ತಗೋ’ ಎಂದು ಹೇಳಿ ಕಳಿಸಿ.