ರಿಲೇ ಟರ್ರ್ ಅನ್ನುತ್ತಿದೆ, ಬದಲಿಸಿದರೂ ನಿಲ್ಲುತ್ತಿಲ್ಲ!

ಪ್ರಶ್ನೆ: ಕಾರಿನ ಮುಂದೆ ಎರಡು ಎಕ್ಸ್‌ಟ್ರಾ ಲೈಟ್ ಹಾಕಿದ್ದೇನೆ. ಹೆಡ್‌ಲೈಟ್ ವೈರಿನಿಂದ ಕನೆಕ್ಷನ್ ತೆಗೆದು ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕಾಯಿಲ್‌ನ 86ನೇ ಪಿನ್‌ಗೆ ಕೊಟ್ಟು, ಅದರ ಇನ್ನೊಂದು ಪಿನ್ 85ನ್ನು ಬಾಡಿ ಅರ್ಥ್‌ಗೆ ಸೇರಿಸಿದೆ. ಲೈಟೇನೋ ಉರಿಯುತ್ತದೆ, ಆದರೆ ರಿಲೇ ಒಂದೇ ಸಮನೆ ಟರ್ರ್ ಅನ್ನುತ್ತದೆ. ಹೊಸ ರಿಲೇ ಹಾಕಿದರೂ ಅದೇ ಕಥೆ. ಇಂಜಿನ್ ಓಡುವಾಗ ಬ್ಯಾಟರಿ 14 ವೋಲ್ಟ್ ಇದ್ದರೆ ಆ ವೈರಿನಲ್ಲಿ ಮೀಟರ್ 9 ತೋರಿಸುತ್ತದೆ. ವೈರ್ ಎಲ್ಲಾದರೂ ಲೂಸ್ ಇದೆಯಾ?

ಉತ್ತರ: ಲೂಸ್ ಇರಲಿಕ್ಕಿಲ್ಲ. ಆ 9 ವೋಲ್ಟೇ ಸುಳಿವು. ಈಗಿನ ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟಿಗೆ ಕರೆಂಟ್ ಸೀದಾ ಹೋಗುವುದಿಲ್ಲ. ಕಂಟ್ರೋಲ್ ಯೂನಿಟ್ ಅದನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಆನ್-ಆಫ್ ಮಾಡಿ ಕಳಿಸುತ್ತದೆ, ಇದೇ ಪಿಡಬ್ಲ್ಯೂಎಂ. ಮೀಟರ್ ಸರಾಸರಿ ತೋರಿಸುತ್ತದೆ, ಅಷ್ಟೇ. ಬಲ್ಬಿನ ತಂತಿ ಅಷ್ಟು ಬೇಗ ತಣಿಯುವುದಿಲ್ಲ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ರಿಲೇ ಹಾಗಲ್ಲ. ಅದರ ಆರ್ಮೇಚರ್ (ಕಾಯಿಲ್ ಎಳೆಯುವ ಕಬ್ಬಿಣದ ಪಟ್ಟಿ) ಎಳೆದುಕೊಳ್ಳಲು 5ರಿಂದ 10 ಮಿಲಿಸೆಕೆಂಡ್ ಬೇಕು, ಇತ್ತ ಪಲ್ಸೂ 10 ಮಿಲಿಸೆಕೆಂಡಿಗೊಮ್ಮೆ ಬರುತ್ತಿದೆ. ಪೂರ್ತಿ ಹಿಡಿಯಲೂ ಆಗದೆ ಬಿಡಲೂ ಆಗದೆ ಅದು ನಡುಗುತ್ತದೆ, ಅದೇ ನಿಮಗೆ ಕೇಳಿಸುತ್ತಿರುವ ಟರ್ರ್. ಹೀಗೇ ಬಿಟ್ಟರೆ ಒಳಗೆ ಕಿಡಿ ಹಾರಿ ಹಾರಿ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ, ಇಲ್ಲವೇ ಅಂಟಿಕೊಂಡು ಲೈಟ್ ಆರುವುದೇ ಇಲ್ಲ.

ಮೊದಲು ಸುಲಭದ ದಾರಿ ನೋಡಿ. ಪಾರ್ಕಿಂಗ್ ಲೈಟಿನದ್ದೋ ಬೇರೆ ಯಾವುದರದ್ದೋ ವೈರಿನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಸಿಕ್ಕಿದರೆ ಅಲ್ಲಿಂದ ತೆಗೆದುಕೊಳ್ಳಿ, ತಲೆನೋವೇ ಇಲ್ಲ.

ಸಿಗದಿದ್ದರೆ ಒಂದು ಡಯೋಡ್ (ಕರೆಂಟನ್ನು ಒಂದೇ ಕಡೆ ಬಿಡುವಂಥದ್ದು), ಒಂದು ಕೆಪಾಸಿಟರ್ (ಚಾರ್ಜ್ ತುಂಬಿಟ್ಟುಕೊಳ್ಳುವಂಥದ್ದು). ವೈರಿನಿಂದ 86ಕ್ಕೆ ಹೋಗುವ ದಾರಿಯಲ್ಲಿ 1ಎನ್4007 ಡಯೋಡ್, ಬೆಳ್ಳಿ ಪಟ್ಟಿ ರಿಲೇ ಕಡೆಗೆ. ಆಮೇಲೆ 86 ಮತ್ತು 85ರ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಪ್ಲಸ್ 86ಕ್ಕೆ. 16 ವೋಲ್ಟಿನದ್ದು ಬೇಡ, 35ರದ್ದು ಹಾಕಿ. ಕಾಯಿಲ್ ಸುಮಾರು 90 ಓಮ್ ಇರುತ್ತದೆ, ಅಂದರೆ ಈ ಕೆಪಾಸಿಟರ್ ಖಾಲಿಯಾಗುವ ಲೆಕ್ಕ 90 ಮಿಲಿಸೆಕೆಂಡ್. ನಿಮ್ಮ ಪಲ್ಸ್‌ಗಳ ನಡುವಿನ ಬಿಡುವು ನಾಲ್ಕು ಮಿಲಿಸೆಕೆಂಡೂ ಇಲ್ಲ. ವೋಲ್ಟೇಜ್ ಅರ್ಧ ವೋಲ್ಟ್ ಇಳಿಯುವಷ್ಟರಲ್ಲಿ ಮುಂದಿನ ಪಲ್ಸ್ ಬಂದೇ ಬಿಡುತ್ತದೆ, ರಿಲೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ.

ಆದರೂ ನನಗೆ ಈ ದಾರಿ ಅಷ್ಟೊಂದು ಇಷ್ಟವಿಲ್ಲ. ಖಾಲಿ ಕೆಪಾಸಿಟರ್ ಮೊದಲ ಕ್ಷಣದಲ್ಲಿ ಶಾರ್ಟ್ ಆದ ಹಾಗೇ ಕಾಣುತ್ತದೆ, ಕಂಟ್ರೋಲ್ ಯೂನಿಟ್ ಹೆದರಿ ಔಟ್‌ಪುಟ್ಟನ್ನೇ ಮುಚ್ಚಬಹುದು. ಸುಟ್ಟರೆ ಆ ಯೂನಿಟ್ ರಿಲೇಯಷ್ಟು ಅಗ್ಗವಲ್ಲ, ಅಲ್ವಾ? ಸೋಲ್ಡರಿಂಗ್ ಬರುತ್ತದೆ ಅಂದರೆ ಐಆರ್‌ಎಲ್‌ಝಡ್44ಎನ್ ಥರದ ಮಾಸ್‌ಫೆಟ್ ಹಾಕಿ. ಇದು ಎಲೆಕ್ಟ್ರಾನಿಕ್ ಸ್ವಿಚ್, ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಬಂದರೆ ಡ್ರೈನ್, ಸೋರ್ಸ್ ಎಂಬ ಉಳಿದೆರಡು ಕಾಲುಗಳ ನಡುವೆ ಕರೆಂಟ್ ಬಿಡುತ್ತದೆ. ಹೆಡ್‌ಲೈಟ್ ವೈರಿನಿಂದ ಡಯೋಡ್, 10 ಕಿಲೋ ಓಮ್ ರೆಸಿಸ್ಟರ್ ದಾಟಿ ಗೇಟ್‌ಗೆ ಬನ್ನಿ. ಗೇಟ್‌ನಿಂದ ಅರ್ಥ್‌ಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಸಮಾನಾಂತರವಾಗಿ 47 ಕಿಲೋ ಓಮ್ ರೆಸಿಸ್ಟರ್, ಹಾಗೇ ಒಂದು 15 ವೋಲ್ಟ್ ಝೀನರ್ (ವೋಲ್ಟೇಜ್ 15 ದಾಟದಂತೆ ತಡೆಯುವ ಡಯೋಡ್). ಸೋರ್ಸ್ ಅರ್ಥ್‌ಗೆ. ರಿಲೇಯ 86ಕ್ಕೆ ಇಗ್ನಿಷನ್‌ನಿಂದ ಫ್ಯೂಸ್ ಹಾಕಿದ ಪ್ಲಸ್, 85 ಮಾಸ್‌ಫೆಟ್ಟಿನ ಡ್ರೈನ್‌ಗೆ. ಕಾಯಿಲ್‌ಗೆ ಅಡ್ಡಲಾಗಿ ಇನ್ನೊಂದು ಡಯೋಡ್, ಪಟ್ಟಿ 86ರ ಕಡೆ. ಇದನ್ನು ಬಿಡಬೇಡಿ, ಕಾಯಿಲ್ ಆಫ್ ಆಗುವಾಗ ನೂರು ವೋಲ್ಟ್ ದಾಟಿ ಒದೆಯುತ್ತದೆ. ಹೀಗೆ ಮಾಡಿದರೆ ಕಾರಿನ ವೈರಿನಿಂದ ನೀವು ಎಳೆಯುವುದು ಒಂದೆರಡು ಮಿಲಿ ಆಂಪಿಯರ್ ಮಾತ್ರ, ಸೀದಾ ಕಾಯಿಲ್ ಕೊಟ್ಟಿದ್ದರೆ 150ರ ಹತ್ತಿರ ಎಳೆಯುತ್ತಿತ್ತು.

ಆ 10 ಕಿಲೋ ಓಮ್ ಸುಮ್ನೆ ಹಾಕಿದ್ದಲ್ಲ. ಲೈಟ್ ಆಫ್ ಇದ್ದಾಗಲೂ ಕೆಲವು ಕಾರುಗಳು ಬಲ್ಬ್ ಸುಟ್ಟಿದೆಯಾ ಎಂದು ನೋಡಲು ಚಿಕ್ಕ ಚಿಕ್ಕ ಪಲ್ಸ್ ಕಳಿಸುತ್ತಿರುತ್ತವೆ. ರೆಸಿಸ್ಟರ್ ಇಲ್ಲದಿದ್ದರೆ ಅಷ್ಟಕ್ಕೇ ಗೇಟ್ ತುಂಬಿ, ಹಗಲಲ್ಲಿ ನಿಮ್ಮ ಲೈಟ್ ತನ್ನಷ್ಟಕ್ಕೆ ಹತ್ತೀತು. ಹೆಡ್‌ಲೈಟ್ ಆಫ್ ಮಾಡಿದ ಮೇಲೆ ಲೈಟ್ ಆರಲು ಅರ್ಧ ಸೆಕೆಂಡ್ ತಡವಾದರೆ ಗಾಬರಿ ಬೇಡ, ಅದು ಹಾಗೇ.

ಪ್ರಶ್ನೆ: ಹಾಗಾದರೆ ಪಿಡಬ್ಲ್ಯೂಎಂ ಕೊಟ್ಟು ರಿಲೇಯಿಂದಲೇ ಲೈಟನ್ನು ಮಂದ ಮಾಡಬಹುದಾ?

ಉತ್ತರ: ಬೇಡವೇ ಬೇಡ. ಇಂಥ ರಿಲೇ ಲೋಡ್ ಹೊತ್ತು ಸಾಮಾನ್ಯವಾಗಿ 1 ಲಕ್ಷ ಸಲ ಆನ್ ಆಗುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 100 ಸಲ ಆದರೆ 17 ನಿಮಿಷಕ್ಕೆ ಅದರ ಆಯಸ್ಸು ಮುಗಿಯಿತು. ಅಷ್ಟು ಬೇಗ ಬಡಿದುಕೊಳ್ಳಲು ಅದಕ್ಕೆ ಬರುವುದೂ ಇಲ್ಲ. ಮಂದ ಮಾಡಬೇಕಿದ್ದರೆ ಲೈಟಿಗೇ ತಕ್ಕ ಮಾಸ್‌ಫೆಟ್ ಹಾಕಿ. ಎಲ್‌ಇಡಿ ಲೈಟಾದರೆ ಒಳಗೆ ಡ್ರೈವರ್ ಇದೆಯಾ ನೋಡಿಕೊಳ್ಳಿ, ಇದ್ದರೆ ಅದು ಮಂದವಾಗುವ ಬದಲು ಮಿಟುಕಿಸುವುದೇ ಜಾಸ್ತಿ.