ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಬಯಲಲ್ಲಿ ಕಾರು ಪ್ರಯಾಣ

ಪ್ರಶ್ನೆ: ಮೇ ಕೊನೆಯಲ್ಲಿ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿರುವ ಗೆಳೆಯನಲ್ಲಿಗೆ ಹೋಗುವವನಿದ್ದೇನೆ. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಇಬ್ಬರೂ ಸೌತ್ ಡಕೋಟಾದ ರ‍್ಯಾಪಿಡ್ ಸಿಟಿಗೆ ಹೋಗುವ ಯೋಚನೆಯಿದೆ. ಬಯಲುಸೀಮೆ, ನೇರ ರಸ್ತೆ. ಒಂದೇ ದಿನದಲ್ಲಿ ಮುಗಿಸಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಮುಗಿಸಬಹುದು, ಆದರೆ ಬೇಡ. ಐ-29ರಲ್ಲಿ (‘ಐ’ ಎಂದರೆ ಇಂಟರ್‌ಸ್ಟೇಟ್, ಅಂತರರಾಜ್ಯ ಹೆದ್ದಾರಿ) ಉತ್ತರಕ್ಕೆ ಸೂ ಫಾಲ್ಸ್ ತನಕ ಹೋಗಿ, ಅಲ್ಲಿಂದ ಐ-90 ಹಿಡಿದು ಪಶ್ಚಿಮಕ್ಕೆ ಹೋದರೆ ಒಟ್ಟು ಸುಮಾರು 525 ಮೈಲಿ, ಅಂದರೆ 840 ಕಿ.ಮೀ. ತಿರುವಿಲ್ಲದ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ (ವೇಗವನ್ನು ತಾನೇ ಒಂದೇ ಸಮ ಇಡುವ ವ್ಯವಸ್ಥೆ) ಹಾಕಿ ಕೂತರೆ ಕಣ್ಣು ತೆರೆದಿದ್ದರೂ ಗಮನ ಹಾರಿಹೋಗುತ್ತದೆ. ಎರಡು ಗಂಟೆಗೊಮ್ಮೆ ಚಾಲಕ ಬದಲಾಗಲಿ. ಮಿಸೌರಿ ನದಿ ದಾಟುವ ಚೇಂಬರ್ಲೇನ್‌ನಲ್ಲಿ ರಾತ್ರಿ ಉಳಿದುಕೊಳ್ಳಿ. ಮುಸ್ಸಂಜೆಗೆ ಜಿಂಕೆಗಳು ರಸ್ತೆಗೆ ಬರುವುದರಿಂದ ಕತ್ತಲಾಗುವ ಮೊದಲೇ ತಲುಪಿದರೆ ಒಳ್ಳೆಯದು.

ಅಲ್ಲಿ ಎಕ್ಸಿಟ್ (ಹೆದ್ದಾರಿಯಿಂದ ಇಳಿಯುವ ದಾರಿ) ಸಂಖ್ಯೆಯೇ ಮೈಲಿಕಲ್ಲು. ಐ-90ರ 263ನೇ ಎಕ್ಸಿಟ್‌ನಲ್ಲಿ ಚೇಂಬರ್ಲೇನ್, 131ರಲ್ಲಿ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ತಿರುವು. ನಡುವೆ 132 ಮೈಲಿ. ನಮ್ಮ ತಲಪಾಡಿ–ಕಾಲಿಕ್ಕಡವು ಹೆದ್ದಾರಿಯ ಹಾಗೆ ಸಾಲುಸಾಲು ಪೇಟೆ ಸಿಗುವುದಿಲ್ಲ. ಮರ್ಡೋ, ಕಡೋಕದಂಥ ಪುಟ್ಟ ಊರುಗಳು ಸಿಗುತ್ತವೆ, ಅಷ್ಟೆ. ಟ್ಯಾಂಕ್ ಅರ್ಧಕ್ಕಿಳಿದಾಗಲೇ ತುಂಬಿಸಿ. ಮರ್ಡೋ ಮತ್ತು ಕಡೋಕದ ನಡುವೆ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. 131ರಲ್ಲಿ ಇಳಿದು, ಉದ್ಯಾನದ ಒಳರಸ್ತೆಯಲ್ಲಿ ಸಾಗಿ, ವಾಲ್ ಊರಿನ 110ರಲ್ಲಿ ಮತ್ತೆ ಹೆದ್ದಾರಿ ಸೇರಿ. ಈ ಸುತ್ತಿಗೆ ಅರ್ಧ ದಿನ ಕೊಡದೆ ಹೋದರೆ ಇಷ್ಟು ದೂರ ಹೋಗಿದ್ದೇ ವ್ಯರ್ಥ.

ಬಂಕ್‌ನಲ್ಲಿ ಎಚ್ಚರ: ಹಸಿರು ಹಿಡಿಯ ನಾಜಲ್ ಹೆಚ್ಚಾಗಿ ಡೀಸೆಲ್‌ನದು. ‘ಇ85’ ಎಂದಿರುವುದು ಬಹುಪಾಲು ಎಥನಾಲ್. ಪೆಟ್ರೋಲ್, ಎಥನಾಲ್ ಎರಡರಲ್ಲೂ ಓಡುವ ಫ್ಲೆಕ್ಸ್-ಫ್ಯುಯೆಲ್ ಕಾರಿಗೆ ಮಾತ್ರ ಅದು. ರ‍್ಯಾಪಿಡ್ ಸಿಟಿ ಕಡೆ 85 ಆಕ್ಟೇನ್‌ನ (ಕೆಳದರ್ಜೆಯ) ಪೆಟ್ರೋಲ್ ಕೂಡ ಅಗ್ಗದಲ್ಲಿ ಸಿಗುತ್ತದೆ. ಕಾರು 87 ಕೇಳುವುದಾದರೆ 87ನ್ನೇ ಹಾಕಿಸಿ. ಪಂಪ್ ಜಿಪ್ ಕೋಡ್ (ಅಲ್ಲಿಯ ಪಿನ್‌ಕೋಡ್) ಕೇಳಿ ನಿಮ್ಮ ಕಾರ್ಡನ್ನು ತಿರಸ್ಕರಿಸಿದರೆ ಒಳಗೆ ಹೋಗಿ ಮುಂಗಡ ಕೊಟ್ಟರಾಯಿತು.

ಹೆಚ್ಚು ಭಯಪಡಬೇಕಾದ್ದು ಗಾಳಿಗೆ. ಕಾರಿನ ಹಿಂಬದಿಯಿಂದ ಬೀಸುವಾಗ ಬಾಗಿಲು ತೆರೆದರೆ, ಗಾಳಿ ಅದನ್ನು ಕೈಯಿಂದ ಕಿತ್ತು ಹಿಂಜ್ ಮಣಿಯುವಷ್ಟು ತೆರೆದುಬಿಡುತ್ತದೆ. ಅದರ ದುರಸ್ತಿ ಖರ್ಚು ನಿಮ್ಮ ತಲೆಗೇ. ಮೂತಿ ಗಾಳಿಗೆದುರಾಗಿ ನಿಲ್ಲಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಿರಿ.

ಮೇ–ಜೂನ್ ಸುಂಟರಗಾಳಿಯ ಕಾಲ ಕೂಡ. ಫೋನಿಗೆ ‘ಟೊರ್ನೇಡೊ ವಾಚ್’ ಬಂದರೆ ಸಾಧ್ಯತೆ ಇದೆಯೆಂದು ಅರ್ಥ. ‘ವಾರ್ನಿಂಗ್’ ಬಂದರೆ ಸುಂಟರಗಾಳಿ ಕಣ್ಣಿಗೋ ರೇಡಾರ್‌ಗೋ ಬಿದ್ದಿದೆ, ತಕ್ಷಣ ಗಟ್ಟಿ ಕಟ್ಟಡ ಸೇರಬೇಕು. ಮೇಲ್ಸೇತುವೆಯ ಕೆಳಗೆ ಮಾತ್ರ ನಿಲ್ಲಬೇಡಿ: ಆ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಇನ್ನೂ ಹೆಚ್ಚುತ್ತದೆ, ಹಾರಿಬರುವ ವಸ್ತುಗಳೂ ಅಲ್ಲೇ ಬಡಿಯುತ್ತವೆ.

ಪ್ರಶ್ನೆ: ನನ್ನ ಲೈಸೆನ್ಸ್ ಇಂಗ್ಲಿಷಿನಲ್ಲೇ ಇದೆ. ಅಂತರರಾಷ್ಟ್ರೀಯ ಪರ್ಮಿಟ್ ಬೇಕೇ?
– ಓದುಗರು, ಅಕ್ಕಲಕೋಟ

ಉತ್ತರ: ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬಾಡಿಗೆ ಕೌಂಟರಿನಲ್ಲಿ ಕೇಳಿದರೆ ತಕರಾರು ಬೇಡವೆಂದು ಮಾಡಿಸಿಕೊಂಡೇ ಹೋಗಿ. ನಿಮ್ಮ ಆರ್‌ಟಿಒ ಕೊಡುತ್ತದೆ, ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಕ್ರೆಡಿಟ್ ಕಾರ್ಡ್ ಚಾಲಕರ ಹೆಸರಿನದೇ ಇರಲಿ. ಜೊತೆಗಾರರೂ ಓಡಿಸುವುದಾದರೆ ಅವರ ಹೆಸರನ್ನೂ ಕರಾರಿನಲ್ಲಿ ಬರೆಸಿ. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಕೈಕೊಡಬಹುದು.

ಪ್ರಶ್ನೆ: ದಾರಿಯಲ್ಲಿ ಅನ್ನ ಮಾಡಿಕೊಳ್ಳಲು ಇಲ್ಲಿಯ ರೈಸ್ ಕುಕ್ಕರ್, ಒಗ್ಗರಣೆಗೆ ಮನೆಯ ಕರಿಬೇವು ಒಯ್ಯಬಹುದೇ?
– ಓದುಗರು, ಹೊಸೂರು

ಉತ್ತರ: ಎರಡೂ ಬೇಡ. ಅಲ್ಲಿ ವಿದ್ಯುತ್ 120 ವೋಲ್ಟ್. ಇಲ್ಲಿಯ 230 ವೋಲ್ಟ್‌ನ 700 ವ್ಯಾಟ್ ಕುಕ್ಕರ್ ಅಲ್ಲಿ 200 ವ್ಯಾಟ್ ಶಾಖವನ್ನೂ ಕೊಡದು. ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ. ಪ್ಲಗ್ ಅಡಾಪ್ಟರ್ ಪಿನ್ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಅಲ್ಲ, ಹಾಗಾಗಿ ಅಲ್ಲೇ ಸಣ್ಣದೊಂದು ಕೊಳ್ಳಿ. ತಾಜಾ ಕರಿಬೇವಿನಲ್ಲಿ ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಬರಬಹುದೆಂದು ಅಲ್ಲಿ ನಿಷೇಧವಿದೆ. ಸಾರಿನಪುಡಿ, ಚಟ್ನಿಪುಡಿ ಒಯ್ಯುವುದಾದರೂ ವಿಮಾನ ನಿಲ್ದಾಣದಲ್ಲಿ ಆಹಾರವಿದೆ ಎಂದು ಘೋಷಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ.